ಹಂಪೆಯ ರಥಬೀದಿ: ಸ್ಥಾವರರಕ್ಷಣೆಯ ಒಂದು ಇತಿಹಾಸ

ಹಂಪೆಯ ಹೆಸರಿಗೆ ‘ಹಾಳು’ ಎಂಬ ವಿಶೇಷಣವನ್ನು ಸೇರಿಸಿ ನುಡಿಯುವುದು ಕನ್ನಡಿಗರಲ್ಲಿ ಬಹುಕಾಲದ ರೂಢಿ. 1565ರ ರಕ್ಕಸಗಿ-ತಂಗಡಗಿಯ ಕಾಳಗದ ತರುವಾಯ ರಾಜಧಾನಿ ಬರಿದಾದುದು ನಿಜ. ಅರಮನೆಗಳು ನೆಲಸಮವಾದುದೂ ನಿಜ. ಆದರೆ ವಿರೂಪಾಕ್ಷನ ಸನ್ನಿಧಿಯಲ್ಲಿ ದೀಪವು ಇಂದಿಗೂ ಉರಿಯುತ್ತಿದೆ. ಚಳಿಗಾಲದಲ್ಲಿ ಪಂಪಾಂಬಿಕೆಯೊಡನೆ ನಿಶ್ಚಿತಾರ್ಥದ ಫಲಪೂಜೆ, ಚೈತ್ರದಲ್ಲಿ ಕಲ್ಯಾಣ ಮತ್ತು ಮಹಾರಥೋತ್ಸವ, ಇವು ನಡೆಯುತ್ತಿರುವವರೆಗೆ ಆ ಊರನ್ನು ಹಾಳೆಂದು ಕರೆಯುವುದು ಅರ್ಧಸತ್ಯವೇ ಸರಿ. ಈ ಅರ್ಧಸತ್ಯವು ಕೇವಲ ಮಾತಿನ ದೋಷವಾಗಿದ್ದರೆ ಅದನ್ನು ಕುರಿತು ಚರ್ಚಿಸುವ ಅಗತ್ಯವಿರಲಿಲ್ಲ. ಹಾಳೆಂದು ಬಗೆದ ಸ್ಥಳವನ್ನು ಕಾಯುವ ಬಗೆ ಬೇರೆ, ಜನ ಬಾಳುವ ಸ್ಥಳವನ್ನು ಕಾಯುವ ಬಗೆ ಬೇರೆ. ಇವೆರಡರ ಭೇದವನ್ನು ಅರಿಯದೆ ಹೋದುದರಿಂದ ಕಳೆದ ಕೆಲವು ದಶಕಗಳಲ್ಲಿ ಹಂಪೆಯಲ್ಲಿ ಏನೇನು ಸಂಭವಿಸಿತೆಂಬುದು ಪರಿಶೀಲನೆಗೆ ಅರ್ಹವಾಗಿದೆ.

ಹಂಪೆಯ ಮಹತ್ತ್ವವು ವಿಜಯನಗರದ ಅರಸರಿಂದ ಆರಂಭವಾದುದಲ್ಲ. ಹೇಮಕೂಟದ ಇಳಿಜಾರಿನಲ್ಲಿರುವ ತ್ರಿಕೂಟಾಲಯಗಳಲ್ಲಿ ಒಂದನ್ನು ಮುಮ್ಮಡಿ ಸಿಂಗೆಯನಾಯಕನ ಮಗನಾದ ಕಂಪಿಲದೇವನು ಕಟ್ಟಿಸಿದುದನ್ನು ಅಲ್ಲಿನ ಶಾಸನವೇ ತಿಳಿಸುತ್ತದೆ. ಅದಕ್ಕೂ ಮೊದಲೇ ಹರಿಹರ ಮಹಾಕವಿಯು ಪಂಪಾವಿರೂಪಾಕ್ಷನನ್ನು ನೆಚ್ಚಿ ನೆಲೆಸಿದ ಕ್ಷೇತ್ರವಿದು. ಶಿವಶರಣರ ಚರಿತ್ರೆಯನ್ನು ರಗಳೆಗಳಲ್ಲಿ ಹಾಡಿ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆದ ಆ ಕವಿಯ ಮತ್ತು ಅವನ ಸೋದರಳಿಯ ರಾಘವಾಂಕನ ಹೆಸರುಗಳು ಹಂಪೆಯೊಡನೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿವೆ. ಮುಂದೆ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರೌಢದೇವರಾಯನು ಆಳುತ್ತಿದ್ದಾಗ (1424-1446) ಲಕ್ಕಣ್ಣ ದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನೂ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನೂ ರಚಿಸಿದರು. ನೂರೊಂದು ವಿರಕ್ತರೆಂದು ಪ್ರಸಿದ್ಧರಾದ ಮಹನೀಯರು ವಚನಗಳನ್ನು ಸಂಗ್ರಹಿಸಿ, ಸಂಕಲಿಸಿ, ಅವುಗಳಿಗೆ ಟೀಕೆಗಳನ್ನು ಬರೆದ ಕಾಲವೂ ಅದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ನುಡಿ ಇಂದಿನವರ ಕೈಗೆ ದಕ್ಕಿರುವುದಕ್ಕೆ ಆ ತಲೆಮಾರಿನ ಶ್ರಮವು ಮುಖ್ಯ ಕಾರಣವಾಗಿದೆ.

ಆ ವಿರಕ್ತರು ಕುಳಿತು ಓದಿದ ಮಂಟಪ ಯಾವುದು, ತಾಳೆಗರಿಯ ಕಟ್ಟುಗಳನ್ನು ಇಟ್ಟ ಗವಿ ಯಾವುದು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಿಲ್ಲ. ರಾಜರು ಕಟ್ಟಿಸಿದ ಗೋಪುರಕ್ಕೆ ಶಾಸನವಿರುತ್ತದೆ. ವಿರಕ್ತನು ತಂಗಿದ ಬಂಡೆಯ ನೆರಳಿಗೆ ಶಾಸನವಿರುವುದಿಲ್ಲ. ಸ್ಥಳೀಯರ ನೆನಪಿನಲ್ಲಿ ಮಾತ್ರ ಉಳಿಯತಕ್ಕ ಇಂಥ ತಾಣಗಳಿಗೆ ಸರಕಾರದ ಸ್ಮಾರಕಪಟ್ಟಿಯಲ್ಲಿ ಸ್ಥಾನ ದೊರೆಯುವುದು ದುರ್ಲಭ. ಹಂಪೆಯ ಪರಿಸರದಲ್ಲಿ 1600ಕ್ಕೂ ಹೆಚ್ಚು ಅವಶೇಷಗಳು ಗುರುತಿಸಲ್ಪಟ್ಟಿವೆ. ಕೇಂದ್ರದ ಪುರಾತತ್ತ್ವ ಇಲಾಖೆಯ ಆಡಳಿತದಲ್ಲಿರುವವು ಅವುಗಳಲ್ಲಿ ಐವತ್ತಕ್ಕೆ ತುಸು ಮಿಕ್ಕಿದವು ಮಾತ್ರ. ರಾಜ್ಯದ ಇಲಾಖೆಯು ಇನ್ನೂ ಹಲವಾರನ್ನು ರಕ್ಷಿತವೆಂದು ಸಾರಿದೆ. ಇಷ್ಟಾದರೂ ಉಳಿದ ಗುಡಿ, ಮಠ, ಬಾವಿ, ಕಾಲುವೆ, ಮೆಟ್ಟಿಲುದಾರಿ, ಅರವಟ್ಟಿಗೆಗಳಿಗೆ ಕಾಯುವವರು ಯಾರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ವಚನಸಾಹಿತ್ಯವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದ ಶರಣರ ಅನುಯಾಯಿಗಳಿಗೆ ಕಲ್ಲುಕಂಬಗಳ ಗೊಡವೆ ಏಕೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಸಿರಿವಂತರು ಕಟ್ಟಿಸಿದ ಆಲಯದಲ್ಲಿಯೇ ದೇವನು ನೆಲೆಸುತ್ತಾನೆ, ಬಡವನಿಗೆ ಅಲ್ಲಿ ಎಡೆಯಿಲ್ಲ ಎಂಬ ಭಾವನೆಯನ್ನು ಶರಣರು ನಿರಾಕರಿಸಿದರು. ದೇಹವನ್ನೇ ದೇಗುಲವೆಂದು ಬಗೆದರು. ಆದರೆ ಜನರು ಕೂಡಿ ಕುಳಿತು ಅನುಭಾವವನ್ನು ಹಂಚಿಕೊಳ್ಳುವ ತಾಣವನ್ನು ಅವರು ನಿರಾಕರಿಸಲಿಲ್ಲ. ಮಹಾಮನೆ ಎಂಬ ಪದದೊಳಗೇ ಮನೆಯಿದೆ. ದಾಸೋಹಕ್ಕೆ ಒಲೆ ಬೇಕು, ಗೋಷ್ಠಿಗೆ ಜಗಲಿ ಬೇಕು. ಆದಕಾರಣ ಶರಣಧರ್ಮದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಸ್ಥಾವರವನ್ನು ಉಳಿಸಬೇಕೇ ಬೇಡವೇ ಎಂಬುದಲ್ಲ. ಯಾವ ಜಂಗಮಕ್ಕಾಗಿ ಆ ಸ್ಥಾವರವು ನಿಂತಿದೆಯೋ ಅದನ್ನು ಹೊರಗಟ್ಟಿ ಸ್ಥಾವರವನ್ನಷ್ಟೇ ಉಳಿಸಿದರೆ ಉಳಿದುದು ಏನು ಎಂಬುದು. ಹಂಪೆಯ ರಥಬೀದಿಯಲ್ಲಿ ಈ ಪ್ರಶ್ನೆ ತಾತ್ತ್ವಿಕ ಚರ್ಚೆಯ ಮಟ್ಟದಿಂದ ಇಳಿದು ನೂರಾರು ಕುಟುಂಬಗಳ ಬಾಳಿನ ಪ್ರಶ್ನೆಯಾಯಿತು.

ಅದನ್ನು ವಿವರಿಸುವ ಮುನ್ನ ಎರಡು ಬಗೆಯ ಕಾನೂನುಗಳ ಸ್ವರೂಪವನ್ನು ತಿಳಿಯುವುದು ಅವಶ್ಯ. ಒಂದು ಸ್ಮಾರಕಗಳ ಕಾನೂನು. ಬ್ರಿಟಿಷರ ಕಾಲದಲ್ಲಿ 1904ರಲ್ಲಿ ಬಂದ ಶಾಸನದಿಂದ ಮೊದಲ್ಗೊಂಡು ಕೇಂದ್ರದ 1958ರ ಅಧಿನಿಯಮ, ರಾಜ್ಯದ 1961ರ ಅಧಿನಿಯಮಗಳವರೆಗೆ ಇದರ ಪರಂಪರೆ ಸಾಗಿಬಂದಿದೆ. ಒಂದು ಕಟ್ಟಡವನ್ನು ಗುರುತಿಸಿ, ಅದನ್ನು ರಕ್ಷಿತವೆಂದು ಸಾರಿ, ಅದಕ್ಕೆ ಬೇಲಿ ಹಾಕಿ, ಕಾವಲುಗಾರನನ್ನಿಡುವುದು ಇದರ ರೀತಿ. 2010ರ ತಿದ್ದುಪಡಿಯು ಕೇಂದ್ರರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳವರೆಗೆ ಹೊಸ ನಿರ್ಮಾಣವನ್ನು ನಿಷೇಧಿಸಿ, ಅದರಾಚೆಯ 200 ಮೀಟರುಗಳಲ್ಲಿ ಅನುಮತಿಯನ್ನು ಕಡ್ಡಾಯಗೊಳಿಸಿತು. ಪಟ್ಟಿಯಲ್ಲಿರುವುದಕ್ಕೆ ಇದು ಬಲವಾದ ರಕ್ಷೆ. ಪಟ್ಟಿಯಲ್ಲಿಲ್ಲದುದಕ್ಕೆ ಇದರಿಂದ ಏನೂ ಪ್ರಯೋಜನವಿಲ್ಲ.

ಎರಡನೆಯದು ಯೋಜನೆಯ ಕಾನೂನು, ಅಂದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಅಧಿನಿಯಮ. ಇದರ ಮುಖ್ಯ ವಿಷಯ ಕಟ್ಟಡವಲ್ಲ, ಭೂಮಿಯ ಬಳಕೆ. ಊರಿನ ಯಾವ ಭಾಗದಲ್ಲಿ ವಾಸ, ಎಲ್ಲಿ ವ್ಯಾಪಾರ, ಎಲ್ಲಿ ಬೇಸಾಯ, ರಸ್ತೆಯ ಅಗಲವೆಷ್ಟು, ಮನೆಯ ಎತ್ತರವೆಷ್ಟು ಎಂಬುದನ್ನು ಯೋಜನಾ ಪ್ರಾಧಿಕಾರವು ಮಹಾಯೋಜನೆಯಲ್ಲಿ ನಿರ್ಧರಿಸುತ್ತದೆ. ಬಹುಕಾಲ ಇದನ್ನು ಹೊಸ ಬಡಾವಣೆಗಳನ್ನು ನಿರ್ಮಿಸುವ ಸಾಧನವೆಂದೇ ಭಾವಿಸಲಾಗಿತ್ತು. ಹಳೆಯದನ್ನು ಉಳಿಸಲೂ ಇದು ನೆರವಾಗಬಲ್ಲದೆಂಬುದು ಭಾರತದಲ್ಲಿ ಮೊದಲು ಸ್ಪಷ್ಟವಾದುದು ಮುಂಬಯಿಯಲ್ಲಿ. 1995ರಲ್ಲಿ ಅಲ್ಲಿನ ಅಭಿವೃದ್ಧಿ ನಿಯಮಗಳಲ್ಲಿಯೇ ಪಾರಂಪರಿಕ ಕಟ್ಟಡಗಳ ಪಟ್ಟಿಯನ್ನು ಸೇರಿಸಿ, ಅವುಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿ, ಕೆಡವುವ ಇಲ್ಲವೆ ಬದಲಿಸುವ ಮುನ್ನ ಸಮಿತಿಯ ಅಭಿಪ್ರಾಯವನ್ನು ಪಡೆಯಬೇಕೆಂದು ವಿಧಿಸಲಾಯಿತು. ಪುರಾತತ್ತ್ವ ಇಲಾಖೆಯ ಪಟ್ಟಿಯಲ್ಲಿಲ್ಲದ ಮಾರುಕಟ್ಟೆ, ಗ್ರಂಥಾಲಯ, ವಾಸದ ಮನೆಗಳಿಗೂ ಹೀಗೆ ಒಂದು ಆಸರೆ ದೊರೆಯಿತು. ಅಲ್ಲಿ ಜನರು ವಾಸಮಾಡುತ್ತಲೇ ಇದ್ದರೆಂಬುದು ಗಮನಿಸತಕ್ಕ ಅಂಶ. ಮುಂದೆ ಕರ್ನಾಟಕದ ಅಧಿನಿಯಮಕ್ಕೂ ತಿದ್ದುಪಡಿಯಾಗಿ, ವಾಸ್ತು, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳ ಕಟ್ಟಡವನ್ನು ಪಾರಂಪರಿಕವೆಂದು ಸಾರುವ ಅಧಿಕಾರವು ಆಯಾ ಊರಿನ ಯೋಜನಾ ಪ್ರಾಧಿಕಾರಕ್ಕೇ ಬಂದಿತು. ಕಟ್ಟಡವೊಂದನ್ನೇ ಅಲ್ಲದೆ ಅದರ ಸುತ್ತಲಿನ ಪ್ರದೇಶವನ್ನೂ ಹೀಗೆ ಸಾರಬಹುದು. ದೆಹಲಿಯವರೆಗೆ ಹೋಗಬೇಕಾದ ಅಗತ್ಯವಿಲ್ಲ.

ಹಂಪೆಯಲ್ಲಿ ಈ ಎರಡನೆಯ ಬಗೆಯ ವ್ಯವಸ್ಥೆ ತಡವಾಗಿ ಬಂದುದಕ್ಕೆ ಐತಿಹಾಸಿಕ ಕಾರಣವೊಂದಿದೆ. ವಿಜಯನಗರದ ಕಾಲದಲ್ಲಿ ತುಂಗಭದ್ರೆಯು ಒಂದೇ ಮಹಾನಗರದ ನಡುವೆ ಹರಿಯುವ ನದಿಯಾಗಿತ್ತು; ಆನೆಗೊಂದಿಯು ಆ ದಡದಲ್ಲಿ, ಹಂಪೆಯು ಈ ದಡದಲ್ಲಿ. 1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಅದೇ ನದಿ ಎರಡು ರಾಜ್ಯಗಳ ಗಡಿಯಾಯಿತು. ತುಂಗಭದ್ರೆಯ ಅಣೆಕಟ್ಟಿಗೆ 1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರಕಾರಗಳೆರಡೂ ಕೂಡಿ ಅಸ್ತಿಭಾರವನ್ನಿಡಬೇಕಾದುದು ಇದೇ ಕಾರಣದಿಂದ. ಹಂಪೆಯು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು, ಆನೆಗೊಂದಿಯು 1956ರಲ್ಲಿ. ಒಂದೇ ರಾಜ್ಯವಾದರೂ ಜಿಲ್ಲೆಗಳು ಬೇರೆಯಾಗಿಯೇ ಉಳಿದವು. ಇಂದಿಗೂ ಹಂಪೆಯು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿದ್ದರೆ ಆನೆಗೊಂದಿಯು ಕೊಪ್ಪಳ ಜಿಲ್ಲೆಯಲ್ಲಿದೆ. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಇಡೀ ಕ್ಷೇತ್ರವನ್ನು ಒಂದಾಗಿ ನೋಡುವ ಯೋಜನಾ ಪ್ರಾಧಿಕಾರ ಇರಲಿಲ್ಲ.

ಇದರ ಫಲವು ಸೇತುವೆಯ ಪ್ರಕರಣದಲ್ಲಿ ಕಾಣಿಸಿಕೊಂಡಿತು. ಆನೆಗೊಂದಿಯ ಜನರು ಹೊಳೆ ದಾಟಲು ಹರಿಗೋಲನ್ನೇ ನಂಬಿದ್ದರು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಬುಟ್ಟಿಯಂತೆ ದುಂಡಾದ, ಚರ್ಮವನ್ನು ಹೊದಿಸಿದ ಇದೇ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ನಾಲ್ಕೂವರೆ ಶತಮಾನಗಳ ಬಳಿಕವೂ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಹರಿಗೋಲನ್ನೇ ಕಾಯಬೇಕಾದ ಸ್ಥಿತಿಯಿದ್ದರೆ, ಸೇತುವೆ ಬೇಕೆಂದ ಜನರ ಬೇಡಿಕೆಯನ್ನು ತಪ್ಪೆನ್ನಲಾಗದು. ತಪ್ಪಾದುದು ಸ್ಥಳದ ಆಯ್ಕೆಯಲ್ಲಿ. ಸ್ಮಾರಕಪ್ರದೇಶದ ಒಳಗೇ ಎರಡು ತೂಗುಸೇತುವೆಗಳ ಕಾಮಗಾರಿ ಆರಂಭವಾಯಿತು. ಅವುಗಳಿಂದ ಸ್ಮಾರಕಗಳಿಗೂ ಭೂದೃಶ್ಯಕ್ಕೂ ಒದಗಬಹುದಾದ ಹಾನಿಯನ್ನು ಕಂಡು 1999ರಲ್ಲಿ ಯುನೆಸ್ಕೋ ಸಂಸ್ಥೆಯು ಹಂಪೆಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2006ರವರೆಗೆ ಆ ಕಳಂಕವು ನಿವಾರಣೆಯಾಗಲಿಲ್ಲ. ವಿರೂಪಾಪುರಗಡ್ಡೆಯ ಬಳಿಯ ಕಾಲುಸೇತುವೆಯನ್ನು ತೆಗೆದುಹಾಕಲಾಯಿತು. ಆನೆಗೊಂದಿಯ ಸೇತುವೆಯ ಕಾಮಗಾರಿಯು ನಿಂತು, ಮತ್ತೆ ನಡೆದು, ಕೊನೆಗೆ 2009ರ ಜನವರಿಯಲ್ಲಿ ಕುಸಿದುಬಿದ್ದು ಹಲವು ಕಾರ್ಮಿಕರ ಪ್ರಾಣವನ್ನು ಬಲಿತೆಗೆದುಕೊಂಡಿತು. ತರುವಾಯ ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ, ಪ್ರಧಾನ ಸ್ಮಾರಕಗಳಿಂದ ದೂರದಲ್ಲಿ, ಸೇತುವೆಯು ನಿರ್ಮಾಣವಾಯಿತು. ಈ ಸ್ಥಳವನ್ನು ಮೊದಲೇ ಆರಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ; ನಕಾಶೆಯನ್ನು ಮುಂದಿಟ್ಟುಕೊಂಡು ಹಳ್ಳಿಗರ ಅಗತ್ಯವನ್ನೂ ಸ್ಮಾರಕಗಳ ಹಿತವನ್ನೂ ಏಕಕಾಲದಲ್ಲಿ ನೋಡತಕ್ಕ ಪ್ರಾಧಿಕಾರವೊಂದು ಇರಲಿಲ್ಲ, ಅಷ್ಟೆ.

ಇಂಥ ಪ್ರಾಧಿಕಾರವನ್ನು ಸ್ಥಾಪಿಸಲು ರಾಜ್ಯ ವಿಧಾನಮಂಡಲವು ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಅಧಿನಿಯಮ, 2002ನ್ನು ಅಂಗೀಕರಿಸಿತು. ನದಿಯ ಎರಡೂ ದಡಗಳ 29 ಗ್ರಾಮಗಳನ್ನೊಳಗೊಂಡ 236 ಚದರ ಕಿಲೋಮೀಟರುಗಳಿಗೂ ಮಿಕ್ಕಿದ ಪ್ರದೇಶವು ಒಂದೇ ಆಡಳಿತದ ಕೆಳಗೆ ಬಂದಿತು. ಅದರಲ್ಲಿ ಸುಮಾರು 42 ಚದರ ಕಿಲೋಮೀಟರುಗಳು ಕೇಂದ್ರವಲಯವೆನಿಸಿದವು. ಸ್ಮಾರಕಗಳೊಡನೆ ನಿಸರ್ಗದ ಪರಿಸರವನ್ನೂ ಕ್ಷೇತ್ರದ ಐತಿಹಾಸಿಕ ಮತ್ತು ಸಾಂಸ್ಕೃತಿಕ ವ್ಯಕ್ತಿತ್ವವನ್ನೂ ಕಾಪಾಡುವುದು, ಅಂಕೆಯಿಲ್ಲದ ಬೆಳವಣಿಗೆಯನ್ನು ತಡೆಯುವುದು ಇದರ ಉದ್ದೇಶ. ಭತ್ತದ ಗದ್ದೆ, ಬಾಳೆಯ ತೋಟ, ವಿಜಯನಗರದ ಕಾಲದಿಂದ ನೀರು ಹರಿಯುತ್ತಿರುವ ಕಾಲುವೆ, ಗುಂಡುಕಲ್ಲುಗಳ ಬೆಟ್ಟ ಇವೆಲ್ಲವೂ ಸೇರಿಯೇ ಹಂಪೆ ಎಂಬ ತಿಳಿವಳಿಕೆಯು ಮೊದಲ ಬಾರಿಗೆ ಶಾಸನದ ಮಾತಾಯಿತು. ಮಾತಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕಾನೂನನ್ನು ಬಯಸುವುದು ಕಷ್ಟ.

ಆದರೂ 2011ರಲ್ಲಿ ರಥಬೀದಿಯ ಪ್ರಕರಣ ನಡೆಯಿತು.

ವಿರೂಪಾಕ್ಷನ ಮಹಾದ್ವಾರದಿಂದ ಪೂರ್ವಕ್ಕೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಚಾಚಿ, ಮಾತಂಗಪರ್ವತದ ಬುಡದಲ್ಲಿ ಎದುರು ಬಸವಣ್ಣನೆಂದು ಜನರು ಕರೆಯುವ ಏಕಶಿಲಾ ನಂದಿಯ ಬಳಿ ಮುಗಿಯುವ ಬೀದಿ ಅದು. ಎರಡೂ ಬದಿಗೆ ಕಂಬಗಳ ಸಾಲುಮಂಟಪಗಳು. ಕೆಲವೆಡೆ ಎರಡು ಅಂತಸ್ತು. ಪಾಯೆಸನು ಇಲ್ಲಿಗೆ ಬಂದಾಗ ಈ ಬೀದಿಯಲ್ಲಿ ಯಾತ್ರಿಕರು ತಂಗುವ ಚೆಲುವಾದ ಮನೆಗಳೂ ಗಣ್ಯರ ವಸತಿಗಳೂ ಇದ್ದವು. ದೇವರ ದರ್ಶನಕ್ಕೆ ಬಂದಾಗ ಉಳಿದುಕೊಳ್ಳಲು ಅರಸನಿಗೂ ಅಲ್ಲಿ ಒಂದು ಅರಮನೆ ಇತ್ತು. ಎಂದರೆ ಇದು ನೋಟಕ್ಕಾಗಿ ಕಟ್ಟಿದ ಬೀದಿಯಲ್ಲ, ಜನರ ಇರವಿಗಾಗಿ ಕಟ್ಟಿದ ಬೀದಿ.

ಇಪ್ಪತ್ತನೆಯ ಶತಮಾನದಲ್ಲಿ ಮಂಟಪಗಳ ಒಳಗೂ ಹಿಂದುಗಡೆಯೂ ಕುಟುಂಬಗಳು ನೆಲೆಸಿದವು. ಹೂವು-ಕಾಯಿಯ ಅಂಗಡಿ, ಖಾನಾವಳಿ, ಕಿರಾಣಿ, ಮುಂದೆ ಪ್ರವಾಸಿಗರ ವಸತಿಗೃಹ ಹೀಗೆ ಬೀದಿ ಬೆಳೆಯಿತು. ಬೆಳೆದ ರೀತಿಯೆಲ್ಲವೂ ಸಮರ್ಥನೀಯವಾಗಿರಲಿಲ್ಲ. ಕಂಬಗಳ ನಡುವೆ ಸಿಮೆಂಟಿನ ಗೋಡೆಯೆದ್ದಿತು, ಶಿಲ್ಪಗಳ ಮೇಲೆ ಬಣ್ಣ ಬಿದ್ದಿತು, ತಗಡಿನ ಮಾಡುಗಳು ಚಾಚಿಕೊಂಡವು. ಕಲ್ಲನ್ನು ಕಾಯುವ ಇಲಾಖೆಗೆ ಇದು ಒತ್ತುವರಿಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ ಹೈಕೋರ್ಟಿನ ಆದೇಶದ ಹಿನ್ನೆಲೆಯಲ್ಲಿ 2011ರ ಜುಲೈ ತಿಂಗಳ ಕೊನೆಯಲ್ಲಿ ಜಿಲ್ಲಾಡಳಿತವು ಯಂತ್ರಗಳನ್ನು ತಂದು ಕಟ್ಟಡಗಳನ್ನು ಕೆಡವಿತು. ತೆರವುಗೊಂಡ ಕುಟುಂಬಗಳಿಗೆ ಕೆಲವು ಕಿಲೋಮೀಟರುಗಳ ದೂರದ ಕಡ್ಡಿರಾಂಪುರದ ಬಳಿ ನಿವೇಶನಗಳನ್ನು ಗೊತ್ತುಪಡಿಸಲಾಯಿತು. ಮಂಟಪಗಳು ಮತ್ತೆ ಬರಿಯ ಕಂಬಗಳಾಗಿ ನಿಂತವು. ಚೈತ್ರದ ತೇರು ಈಗಲೂ ಅದೇ ಬೀದಿಯಲ್ಲಿ ಸಾಗುತ್ತದೆ. ಆದರೆ ತೇರು ಬರುವಾಗ ತಮ್ಮ ಮನೆಯ ಬಾಗಿಲಲ್ಲಿ ನಿಂತು ಆರತಿಯೆತ್ತುವವರು ಅಲ್ಲಿಲ್ಲ.

ನ್ಯಾಯಾಲಯವು ತನ್ನ ಮುಂದಿದ್ದ ಕಾನೂನನ್ನು ಅನುಸರಿಸಿತು. ಸ್ಮಾರಕದ ಕಾನೂನು ಕೇಳುವ ಪ್ರಶ್ನೆ ಒಂದೇ: ಇದು ಒತ್ತುವರಿಯೇ, ಅಲ್ಲವೇ? ಯೋಜನೆಯ ಕಾನೂನಿಗೆ ಕೇಳಬಹುದಾದ ಪ್ರಶ್ನೆಗಳು ಹಲವು. ಯಾವ ಮಂಟಪ ಬರಿದಾಗಬೇಕು, ಹಿಂದಣ ಓಣಿಯಲ್ಲಿ ಯಾವ ಎತ್ತರದ ಮನೆ ಇರಬಹುದು, ಯಾತ್ರಿಕರಿಗೆ ಬೇಕಾದ ಅಂಗಡಿಗಳೆಷ್ಟು, ಪ್ರವಾಸಿಗರ ವಸತಿಗೃಹ ಎಲ್ಲಿ ಸಲ್ಲದು ಎಂದು ಬಿಡಿಬಿಡಿಯಾಗಿ ತೀರ್ಮಾನಿಸಲು ಅದರಲ್ಲಿ ಅವಕಾಶವಿತ್ತು. ಈ ಪ್ರಶ್ನೆಗಳನ್ನು ಹತ್ತು ವರ್ಷ ಮೊದಲೇ ಕೇಳಿ ಉತ್ತರವನ್ನು ನಕಾಶೆಯ ಮೇಲೆ ಬರೆದಿದ್ದರೆ ಹೂಮಾರುವವಳ ಗೂಡಂಗಡಿಗೂ ಮಂಟಪದ ನೆತ್ತಿಯ ಮೇಲೆದ್ದ ಸಿಮೆಂಟಿನ ಮಾಳಿಗೆಗೂ ಒಂದೇ ತೀರ್ಪು ಆಗುತ್ತಿರಲಿಲ್ಲ. ಯೋಜನೆಯ ಕೆಲಸವನ್ನು ಮಾಡದೆ ಬಿಟ್ಟಲ್ಲಿ ಕೊನೆಗೆ ಯಂತ್ರವೇ ಆ ಕೆಲಸವನ್ನು ಮಾಡುತ್ತದೆ.

ವಿರೂಪಾಪುರಗಡ್ಡೆಯ ಪ್ರಕರಣವನ್ನು ಇದರೊಡನೆ ಬೆರೆಸುವವರಿದ್ದಾರೆ, ಅದು ಸರಿಯಲ್ಲ. ಅಲ್ಲಿನ ನಿರ್ಮಾಣಗಳು ಬಹುಮಟ್ಟಿಗೆ ಪ್ರವಾಸಿಗರಿಗಾಗಿ ಎದ್ದ ವಿಹಾರಗೃಹಗಳು. 1988ರ ಅಧಿಸೂಚನೆಯಿಂದಲೇ ಆ ನೆಲವು ರಾಜ್ಯದ ಕಾನೂನಿನ ರಕ್ಷಣೆಗೆ ಒಳಪಟ್ಟಿತ್ತೆಂದು ಎತ್ತಿಹಿಡಿದು ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ತೆರವಿಗೆ ಸಮ್ಮತಿಯಿತ್ತಿತು. ಲಾಭಕ್ಕಾಗಿ ಬಂದ ಕಟ್ಟಡವನ್ನೂ ತಲೆಮಾರುಗಳ ಬೀದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ಈ ಇತಿಹಾಸದಿಂದ ವೀರಶೈವ ಮಠಗಳೂ ಭಕ್ತರೂ ತಿಳಿಯಬೇಕಾದುದು ಬಹಳವಿದೆ. ಹಂಪೆಗೆ ಯುನೆಸ್ಕೋ ಇದೆ. ಸಾವಿರಾರು ಹಳ್ಳಿಗಳ ಗದ್ದುಗೆ, ಹಳೆಯ ಮಠ, ಪುಷ್ಕರಿಣಿ, ಶರಣರ ಹೆಸರಿನ ಗವಿಗಳಿಗೆ ಯಾರೂ ಇಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇಂಥ ಕಟ್ಟಡಗಳನ್ನು ಕೆಡವಿದವರು ಯಾವಾಗಲೂ ಹೊರಗಿನವರಲ್ಲ. ಮರದ ಕಂಬ, ಮಣ್ಣಿನ ಮಾಳಿಗೆ, ಕೆತ್ತನೆಯ ಬಾಗಿಲುವಾಡಗಳುಳ್ಳ ಹಳೆಯ ಮಠವನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಅಳಿಸಿ, ಕಾಂಕ್ರೀಟಿನ ಸಭಾಭವನವನ್ನು ಎಬ್ಬಿಸಿದ ಭಕ್ತಮಂಡಲಿಗಳು ಎಲ್ಲೆಡೆಯೂ ಇವೆ. ಭಕ್ತಿಯಿಂದ ಕೆಡವಿದರೂ ಕೆಡವಿದುದು ಮರಳಿ ಬರುವುದಿಲ್ಲ.

ವಚನಗಳ ಓಲೆಗರಿಗಳಿಗೂ ಒಂದು ಕಾಲದಲ್ಲಿ ಇದೇ ಗತಿ ಒದಗಿತ್ತು. ಮನೆಮನೆಯ ಜಂತಿಗಳಲ್ಲಿ ಹುಳು ಹಿಡಿಯುತ್ತಿದ್ದ ಕಟ್ಟುಗಳನ್ನು ಫ.ಗು. ಹಳಕಟ್ಟಿಯವರು (1880-1964) ಊರೂರು ಅಲೆದು ಕಲೆಹಾಕಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಆರಂಭವಾಯಿತು. ವಿಜಯಪುರದ ವಕೀಲರಾಗಿದ್ದ ಅವರು ಸರಕಾರದ ಇಲಾಖೆಯೊಂದು ಬಂದು ಈ ಕೆಲಸವನ್ನು ಮಾಡಲೆಂದು ಕಾಯಲಿಲ್ಲ. ಯಾವ ಮನೆಯಲ್ಲಿ ಯಾವ ಕಟ್ಟು ಇದೆಯೆಂದು ತಿಳಿದುಕೊಳ್ಳುವುದೇ ಅವರ ಕಾರ್ಯದ ಮೊದಲ ಹೆಜ್ಜೆಯಾಗಿತ್ತು. ಕಟ್ಟಡಗಳ ವಿಷಯದಲ್ಲಿಯೂ ಮೊದಲ ಹೆಜ್ಜೆ ಪಟ್ಟಿಯೇ ಆಗಿದೆ.

ಮಹಾಯೋಜನೆಯನ್ನು ಹತ್ತು ವರ್ಷಗಳಿಗೆ ಒಮ್ಮೆಯಾದರೂ ಪರಿಷ್ಕರಿಸಬೇಕೆಂದು ಅಧಿನಿಯಮವು ವಿಧಿಸುತ್ತದೆ. ಅಂತಿಮಗೊಳಿಸುವ ಮುನ್ನ ನಕಾಶೆಯನ್ನೂ ವರದಿಯನ್ನೂ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳುವುದು ಕಡ್ಡಾಯ. ಆ ಪ್ರಕಟಣೆಯು ಕಚೇರಿಯ ಗೋಡೆಯ ಮೇಲೂ ಪತ್ರಿಕೆಯ ಮೂಲೆಯಲ್ಲೂ ಬಂದು ಹೋಗುವುದರಿಂದ ಬಹುಮಂದಿಯ ಗಮನಕ್ಕೆ ಬೀಳುವುದಿಲ್ಲ. ಬಿದ್ದರೂ ತಮ್ಮ ಹೊಲ-ನಿವೇಶನಗಳ ಗಡಿಯನ್ನು ಮಾತ್ರ ನೋಡಿಕೊಳ್ಳುತ್ತಾರೆ. ಮಠದ ಮುಂದಣ ಓಣಿಯನ್ನು ಅಗಲಗೊಳಿಸುವ ಗೆರೆಯು ಹಳೆಯ ಗದ್ದುಗೆಯ ಕಟ್ಟೆಯ ಮೇಲೆ ಹಾದುಹೋಗಿದೆಯೆಂದು ಗೊತ್ತಾಗುವುದು ಗುತ್ತಿಗೆದಾರನು ಬಂದು ಗುರುತುಕಲ್ಲನ್ನು ನೆಟ್ಟಾಗ. ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ.

ಅವಧಿಯೊಳಗೆ ಸಲ್ಲಿಸುವ ಮನವಿಯು ದೀರ್ಘವಾಗಿರಬೇಕಿಲ್ಲ. ಕಟ್ಟಡದ ಹೆಸರು, ಸರ್ವೆ ನಂಬರು, ಶಾಸನವಿದ್ದರೆ ಅದರ ವಿವರ, ಇಲ್ಲದಿದ್ದರೆ ಊರ ಹಿರಿಯರು ಹೇಳುವ ಐತಿಹ್ಯ, ಅಲ್ಲಿ ಇಂದು ನಡೆಯುವ ಜಾತ್ರೆ, ಭಜನೆ, ದಾಸೋಹಗಳ ಸಂಗತಿ, ನಾಲ್ಕು ಕಡೆಯ ಛಾಯಾಚಿತ್ರ ಇಷ್ಟಿದ್ದರೆ ಸಾಕು. ಇವುಗಳಲ್ಲಿ ಇಂದಿನ ಬಳಕೆಯ ವಿವರವನ್ನು ಬಿಡಬಾರದು; ಹಂಪೆಯ ಬೀದಿಯ ಕಡತಗಳಲ್ಲಿ ಮುಖ್ಯವಾಗಿ ಇಲ್ಲವಾದುದು ಅದೇ. ಮನವಿಯನ್ನು ಕನ್ನಡದಲ್ಲಿಯೇ ಬರೆದು, ಎರಡು ಪ್ರತಿಗಳನ್ನು ಮಾಡಿ, ಕಚೇರಿಗೆ ಕೊಟ್ಟ ದಿನದ ಮೊಹರನ್ನು ತಮ್ಮ ಪ್ರತಿಯ ಮೇಲೆ ಹಾಕಿಸಿಕೊಂಡು ಮಠದ ದಫ್ತರದಲ್ಲಿ ಇಟ್ಟುಕೊಳ್ಳುವುದು ಅವಶ್ಯ.